ಶನಿವಾರದ ಮಾರುತಿ

ಜೈನಾಪುರದ ಗೌರಾಬಾಯಿಗೆ ವಾರದಲ್ಲಿ ಆರು ದಿನ ಮಂಗಗಳ ಜೊತೆ ಯುದ್ಧ, ಶನಿವಾರ ಮಾತ್ರ ಭಕ್ತಿ. ಆರು ದಿನ ತನ್ನ ದ್ರಾಕ್ಷಿ ತೋಟಕ್ಕೆ ನುಗ್ಗುವ ಕರಿಮುಖದ ಮಂಗಗಳನ್ನು ಮಂಗ್ಯಾ, ಮುಸ್ಯಾ, ಹಾಳ ಹೊಟ್ಟಿಯವು ಎಂದು ಪಕ್ಕದ ಹೊಲದವರಿಗೂ ಕೇಳುವಂತೆ ಬೈಯುವಳು. ಶನಿವಾರ ಬೆಳಗಾದರೆ ಅದೇ ಬಾಯಿ 'ಮಾರುತಿ' ಎನ್ನುತ್ತಿತ್ತು. ಅದು ಹನುಮಪ್ಪನ ವಾರ. ಆ ದಿನ ಅವನ ಕುಲದವರನ್ನು ಮಂಗ ಎಂದು ಕರೆದರೆ ನಾಲಿಗೆಗೆ ಹುಣ್ಣಾಗುತ್ತದೆ ಎಂದು ಆಕೆಯ ಅತ್ತೆ ಹೇಳಿಹೋಗಿದ್ದಳು. ಅತ್ತೆ ಹೇಳಿದ ಮಾತುಗಳಲ್ಲಿ ಗೌರಾಬಾಯಿ ನಡೆಸಿಕೊಂಡು ಬಂದದ್ದು ಇದೊಂದನ್ನೇ.

ಈ ವರ್ಷ ಯುದ್ಧದಲ್ಲಿ ಆಕೆಯ ಕೈ ಮೇಲಾಗಿತ್ತು. ಗೋಳಗುಮ್ಮಟದ ಎದುರಿನ ಆಟಿಕೆ ಅಂಗಡಿಯಲ್ಲಿ ಒಂದು ಹುಲಿ ಸಿಕ್ಕಿತ್ತು. ಒಳಗೆ ಹತ್ತಿ, ಮೇಲೆ ಹಳದಿ ಮಕಮಲ್ಲು, ಕರುವಿನಷ್ಟು ಗಾತ್ರ. ಗಂಡ ಶಂಕ್ರೆಪ್ಪ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ತಂದಿದ್ದ. ದಾರಿಯುದ್ದಕ್ಕೂ ಮಂದಿ ನಕ್ಕಿದ್ದರು. ನಕ್ಕವರೇ ಆಮೇಲೆ ಅಂಗಡಿಯ ವಿಳಾಸ ಕೇಳಿಕೊಂಡು ಬಂದರು. ಯಾಕೆಂದರೆ ಹುಲೆಪ್ಪ (ಹುಲಿಗೆ ಗೌರಾಬಾಯಿ ಇಟ್ಟ ಹೆಸರು) ತೋಟಕ್ಕೆ ಕಾಲಿಟ್ಟ ದಿನದಿಂದ ಒಂದು ಮಂಗವೂ ಬಳ್ಳಿ ಮುಟ್ಟಿರಲಿಲ್ಲ. ಒಂದೇ ಜಾಗದಲ್ಲಿಟ್ಟರೆ ಗುಟ್ಟು ರಟ್ಟಾಗುತ್ತದೆಂದು ಶಂಕ್ರೆಪ್ಪ ಅವನನ್ನು ದಿನಾ ಬೇರೆ ಬೇರೆ ಕಡೆ ಹೊತ್ತು ಕೂರಿಸುತ್ತಿದ್ದ. ಗೊನೆಗಳು ತುಂಬಿ ಬಾಗಿದ್ದವು. ಕಟಾವಿಗೆ ಇನ್ನೊಂದು ವಾರ ಹುಲೆಪ್ಪನ ಮರ್ಯಾದೆ ಉಳಿದರೆ ಸಾಕಿತ್ತು.

ಆ ಶನಿವಾರ ಶಂಕ್ರೆಪ್ಪ ಹುಲಿಯನ್ನು ಬಾವಿಯ ಪಕ್ಕದ ಬೇವಿನ ಗಿಡದ ಬುಡದಲ್ಲಿ ಕೂರಿಸಿದ. ಒಂದು ತಾಯಿ ಮಂಗ ಮರಿಯನ್ನು ಎದೆಗಪ್ಪಿಕೊಂಡು ನೀರು ಕುಡಿಯಲು ಗಿಡದಿಂದ ಬಾವಿಕಟ್ಟೆಗೆ ಇಳಿಯಿತು. ತಿರುಗಿ ನೋಡಿದರೆ ಮೂಗಿನ ಮುಂದೆ ಹುಲಿ. ಅತ್ತ ದರಿ ಇತ್ತ ಪುಲಿ ಎಂದು ನಾವು ಸಣ್ಣಪುಟ್ಟ ತೊಂದರೆಗೆಲ್ಲ ಹೇಳುತ್ತೇವೆ. ಅದರ ನಿಜವಾದ ಅರ್ಥ ಆ ಮಂಗಕ್ಕೆ ತಿಳಿಯಿತು. ಅದು ಪುಲಿಗಿಂತ ದರಿ ವಾಸಿ ಎಂದು ಹಿಂದಕ್ಕೆ ನೆಗೆದು ಬಾವಿಯೊಳಗೆ ಬಿತ್ತು.

ಗೌರಾಬಾಯಿ ಓಡಿ ಬಂದು ಬಗ್ಗಿ ನೋಡಿದಳು. ಕಾಲುವೆಯ ನೀರು ಬಂದ ಮೇಲೆ ಬಾವಿಯ ಮೆಟ್ಟಿಲುಗಳೆಲ್ಲ ಮುಳುಗಿದ್ದವು. ಮೇಲೆ ಉಳಿದದ್ದು ನುಣ್ಣನೆಯ ಕಡಿಬಂಡೆ. ನೀರಿನಿಂದ ಒಂದು ಮೊಳ ಮೇಲೆ, ಅಂಗೈಯಗಲದ ಒಂದು ಚಾಚುಕಲ್ಲಿನ ಮೇಲೆ ತಾಯಿ ಕುಳಿತು ನಡುಗುತ್ತಿತ್ತು. ಮರಿಯ ತಲೆ ಮಾತ್ರ ಅದರ ತೋಳಿನ ಸಂದಿಯಿಂದ ಕಾಣುತ್ತಿತ್ತು. ಗೌರಾಬಾಯಿ ಕಟ್ಟೆಯ ಮೇಲೆ ಮೊಣಕಾಲೂರಿದಳು. ತಾನು ತಂದ ಹುಲಿ, ತನ್ನ ಬಾವಿ, ಮೇಲಾಗಿ ಶನಿವಾರ. ಇವು ಇಲ್ಲಿ ಸತ್ತರೆ ಹನುಮಪ್ಪನ ಗುಡಿಯ ಹೊಸ್ತಿಲು ತುಳಿಯುವುದು ಹೇಗೆ?

ಹೋದ ತಿಂಗಳು ಇದೇ ಬಾವಿಯಿಂದ ಸುಟ್ಟ ಮೋಟಾರು ಎತ್ತಿಕೊಟ್ಟವನು ತಿಕೋಟಾದ ಕ್ರೇನಿನ ಸಿಕಂದರ. ಆಕೆ ಅವನಿಗೇ ಫೋನು ಹಚ್ಚಿದಳು.

"ಸಿಕಂದರಣ್ಣಾ, ಲಗೂನ ಬಾರಪಾ. ನಮ್ಮ ಬಾವ್ಯಾಗ ಮಾರುತಿ ಬಿದ್ದೈತಿ."

"ಯಪ್ಪಾ. ಯಾವ ಮಾರುತಿ ಬೇ?"

"ಯಾವುದಂದ್ರ? ದಿನಾ ನಮ್ಮ ಹೊಲದ ಸುತ್ತ ಅಡ್ಡಾಡತೈತಲ್ಲ, ಅದ. ಮೈ ಬೂದಿ ಬಣ್ಣ, ಮುಂದಿನ ಮಾರಿ ಅಷ್ಟ ಕರ್ರಗ."

"ತಿಳೀತು ತಿಳೀತು. ಒಳಗ ಯಾರರ ಅದಾರನು?"

"ತಾಯಿ ಅದಾಳ, ಎದಿಗಿ ಹಾಲು ಕುಡಿಯೂ ಕೂಸೈತಿ."

ಆ ಕಡೆಯಿಂದ ಸಿಕಂದರ ಕೂಗಿಯೇ ಕೇಳಿದ. "ಗೇರಿನ್ಯಾಗ ಐತೇನು?"

"ಗಾಬರ್ಯಾಗ ಐತಿ," ಎಂದಳು ಗೌರಾಬಾಯಿ.

ಸಿಕಂದರ ಮನಸ್ಸಿನಿಂದ ಹೂವಿನಂಥವನು. ಬಾಣಂತಿ ಮತ್ತು ಕೂಸು ಕಾರಿನ ಸಮೇತ ಬಾವಿಗೆ ಬಿದ್ದಾರೆಂದು ಕೇಳಿ ಅರ್ಧ ಕುಡಿದ ಚಹಾ ಬಿಟ್ಟು ಎದ್ದ. ದಾರಿಯಲ್ಲಿ ಆಂಬುಲೆನ್ಸಿಗೆ ಫೋನು ಮಾಡಿದ. ಗುರುತಿನವರಿಗೆಲ್ಲ ಹೇಳಿದ. ಅವರು ತಮ್ಮ ಗುರುತಿನವರಿಗೆ ಹೇಳಿದರು. ಸುದ್ದಿ ಬಬಲೇಶ್ವರ ಮುಟ್ಟುವಷ್ಟರಲ್ಲಿ ಕಾರಿನಲ್ಲಿ ಮದುವೆಯ ದಿಬ್ಬಣವೇ ಇತ್ತು; ಸಾರವಾಡದಲ್ಲಿ ವರ ಬದುಕಿದ್ದ, ವಧುವಿನ ವಿಷಯ ಗೊತ್ತಿರಲಿಲ್ಲ.

ಕ್ರೇನು ಧೂಳೆಬ್ಬಿಸುತ್ತ ಬಂತು. ಹಿಂದೆ ಆಂಬುಲೆನ್ಸು, ಅದರ ಹಿಂದೆ ಮೋಟಾರ್ ಸೈಕಲ್ಲುಗಳು, ಟಂಟಂಗಳು, ಒಂದು ಟ್ರ್ಯಾಕ್ಟರಿನ ತುಂಬ ಮಂದಿ. ಸಿಕಂದರ ಜಿಗಿದಿಳಿದು ಬಾವಿಗೆ ಬಗ್ಗಿದ. ಬಹಳ ಹೊತ್ತು ನೋಡಿದ.

"ಗೌರಕ್ಕ, ಗಾಡಿ ಎಲ್ಲಿ?"

"ಯಾವ ಗಾಡಿ?"

"ಮಾರುತಿ ಬಿದ್ದೈತಿ ಅಂದಿ."

"ಅಲ್ಲೇ ಕುಂತೈತಲ್ಲೋ, ಕಲ್ಲಿನ ಮ್ಯಾಲೆ. ಕಣ್ಣ ಕಾಣಂಗಿಲ್ಲೇನು?"

"ಬೇ, ಅದು ಮಂಗ್ಯಾ."

"ಹಂಗ ಅನಬ್ಯಾಡ," ಎಂದು ಗೌರಾಬಾಯಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಇವತ್ತ ಶನಿವಾರ ಐತಿ."

ಸಿಕಂದರ ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕುಳಿತ. ವಧು ನೋಡಲು ಬಂದವರಿಗೆ ಕೊಂಚ ನಿರಾಸೆಯಾಯಿತು; ಆದರೂ ಯಾರೂ ಮರಳಿ ಹೋಗಲಿಲ್ಲ. ಆಂಬುಲೆನ್ಸಿನವನು ಸ್ಟ್ರೆಚರು ಇಳಿಸಿ, ಪೇಶಂಟಿನ ಹೆಸರೇನು ಎಂದು ಕೇಳುತ್ತ ತಿರುಗಿದ. ಪಕ್ಕದ ಹೊಲದ ಧೂಳಪ್ಪ, "ಮಾರುತಿ, ತಂದಿ ಹೆಸರು ವಾಯು," ಎಂದ. ಧೂಳಪ್ಪ ಬರುವಾಗಲೇ ಕಾಯಿ, ಕರ್ಪೂರ, ಬಾಳೆಹಣ್ಣಿನ ತಟ್ಟೆ ಹಿಡಿದು ಬಂದಿದ್ದ. ಮಂಗ ಬದುಕಿದರೆ ಆರತಿ, ಸತ್ತರೂ ಆರತಿ ಎಂಬುದು ಅವನ ಲೆಕ್ಕ.

ಬಂದದ್ದು ಬಂದಾಗಿದೆ ಎಂದು ಸಿಕಂದರ ಕೆಲಸಕ್ಕಿಳಿದ. ತೋಟದ ಗುಡಿಸಲಿನಲ್ಲಿದ್ದ ಹೊರಸು ಎಂಬ ಹಗ್ಗದ ಮಂಚವನ್ನು ಕೊಕ್ಕೆಗೆ ಕಟ್ಟಿ ಬಾವಿಗೆ ಇಳಿಸಿದ. ಮಂಗ ಹೊರಸನ್ನು ನೋಡಿ ಗೋಡೆಗೆ ಇನ್ನಷ್ಟು ಒತ್ತಿಕೊಂಡಿತು. ಹೊರಸಿನ ಮೇಲೆ ಬಾಳೆಹಣ್ಣಿಟ್ಟರು, ಮುಟ್ಟಲಿಲ್ಲ. ಹೊರಸು ಹತ್ತು ಎಂದು ಮಂದಿಯೆಲ್ಲ ಒಟ್ಟಿಗೆ ಕೂಗಿದರು. ಬಾವಿಯೂ ತಿರುಗಿ ಕೂಗಿತು. ಮಂಗ ಕಣ್ಣು ಮುಚ್ಚಿಕೊಂಡಿತು. ಒದ್ದೆಯಾದ ಅದರ ಕಾಲು ಕಲ್ಲಿನಿಂದ ಜಾರುತ್ತಿತ್ತು. ಜಾರಿದಾಗೆಲ್ಲ ಮತ್ತೆ ಮೇಲಕ್ಕೆಳೆದುಕೊಂಡು ಮರಿಯ ತಲೆಯನ್ನು ತೋಳಿನೊಳಗೆ ಒತ್ತಿಕೊಳ್ಳುತ್ತಿತ್ತು.

"ಎಲ್ಲಾರೂ ಹಿಂದ ಸರೀರಿ," ಎಂದು ಗೌರಾಬಾಯಿ ಮಂದಿಯನ್ನು ಟ್ರ್ಯಾಕ್ಟರಿನ ತನಕ ಅಟ್ಟಿದಳು. ಆಮೇಲೆ ಬೇವಿನ ಬುಡದಲ್ಲಿ ಹಲ್ಲು ಕಿಸಿದು ಕುಳಿತ ಹುಲೆಪ್ಪನನ್ನು ನೋಡಿದಳು.

"ಒಂದು ಮಗ್ಗಲಾಗ ಹೊರಸು ಬಿಡೂನು. ಅದರ ಹಗ್ಗಾ ಗಿಡಕ್ಕ ಕಟ್ಟೂನು. ಇನ್ನೊಂದು ಮಗ್ಗಲದಿಂದ ಕೊಕ್ಕೀಲೆ ಹುಲೆಪ್ಪನ್ನ ಇಳಸು. ಅಂಜಿ ಹೊರಸಿಗಿ ಜಿಗೀತೈತಿ."

ಶಂಕ್ರೆಪ್ಪ ಹೆಂಡತಿಯ ಸೆರಗು ಹಿಡಿದು ಪಕ್ಕಕ್ಕೆಳೆದ. ಬೇವಿನ ಗಿಡದ ಮೇಲೆ ಬೆರಳು ಮಾಡಿದ. ಮಂಗಗಳ ಇಡೀ ಹಿಂಡು ಸಾಲಾಗಿ ಕುಳಿತು ನೋಡುತ್ತಿತ್ತು.

"ನಿನಗ ಬುದ್ಧಿ ಐತೇನ ಬೇ. ಹುಲೆಪ್ಪ ಹತ್ತಿ ತುಂಬಿದ ಅರಬಿ ಹುಲಿ ಅಂತ ಅವಕ್ಕ ಇವತ್ತ ಗೊತ್ತಾದ್ರ, ನಾಳಿಗಿ ಒಂದು ಗೊನಿ ಉಳೀತೈತೇನು? ವರ್ಷದ ದುಡಿಮಿ ಐತಿ ಅಲ್ಲಿ."

ಗೌರಾಬಾಯಿಗೆ ಅದು ಗೊತ್ತಿಲ್ಲದ್ದೇನಲ್ಲ. ಆ ಬಳ್ಳಿಗಳ ಕಡ್ಡಿ ಕಡ್ಡಿಯನ್ನೂ ತನ್ನ ಕೈಯಾರೆ ಕಟ್ಟಿದವಳು ಆಕೆ. ತೋಟದ ಕಡೆ ಒಮ್ಮೆ ನೋಡಿದಳು, ಬಾವಿಯೊಳಗೆ ಒಮ್ಮೆ ನೋಡಿದಳು.

"ಬಳ್ಳಿ ಮುಂದಿನ ವರ್ಷನೂ ಕಾಯಿ ಹಿಡೀತೈತಿ," ಎಂದಳು. "ಆ ಕೂಸು ಮತ್ತ ಬರತೈತೇನು? ಕಟ್ಟ, ಸಿಕಂದರಣ್ಣಾ."

ಹುಲೆಪ್ಪ ನಡುವಿಗೆ ಹಗ್ಗ ಬಿಗಿಸಿಕೊಂಡು, ನಾಲ್ಕು ಕಾಲೂ ಜೋತುಬಿಟ್ಟು, ಬಹಳ ಗಂಭೀರವಾಗಿ ಗಾಳಿಯಲ್ಲಿ ತಿರುಗುತ್ತ ಬಾವಿಗೆ ಇಳಿದ. ಮಂಗ ಕಣ್ಣು ತೆರೆದದ್ದೇ ಚೀರಿ ಜಿಗಿಯಿತು. ಲೆಕ್ಕದ ಪ್ರಕಾರ ಹೊರಸಿಗೆ ಜಿಗಿಯಬೇಕಿತ್ತು. ಕಾಲು ಜಾರಿ ಮರಿಯ ಸಮೇತ ನೀರಿಗೇ ಬಿತ್ತು. ಗೌರಾಬಾಯಿ ಎದೆ ಬಡಿದುಕೊಂಡಳು. ಸಿಕಂದರ ಗಾಬರಿಯಲ್ಲಿ ಯಾವುದೋ ಹಿಡಿಕೆ ಎಳೆದ. ಹುಲೆಪ್ಪ ಧೊಪ್ಪನೆ ನೀರಿಗೆ ಬಿದ್ದು, ಹಗ್ಗದ ಸಮೇತ ತೇಲಿದ.

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಇಲ್ಲಿ ಹುಲಿಯೇ ಸಿಕ್ಕಿತ್ತು. ಮಂಗ ಒಂದು ಕೈಯಲ್ಲಿ ಮರಿಯನ್ನು ಎತ್ತಿಹಿಡಿದು, ಇನ್ನೊಂದರಲ್ಲಿ ಅವನ ಕುತ್ತಿಗೆ ತಬ್ಬಿಕೊಂಡಿತು. ಮೆಲ್ಲಗೆ ಬೆನ್ನಿನ ಮೇಲೆ ಹತ್ತಿ ಕುಳಿತುಕೊಂಡಿತು. ಹುಲಿ ಏನೂ ಅನ್ನಲಿಲ್ಲ.

"ಎತ್ತ, ಎತ್ತ, ಸಾವಕಾಶ," ಎಂದಳು ಗೌರಾಬಾಯಿ.

ಹುಲಿಯ ಮೇಲೆ ತಾಯಿ, ತಾಯಿಯ ಎದೆಯಲ್ಲಿ ಮರಿ, ಸುತ್ತ ನೀರು ಸುರಿಯುತ್ತ ಮೆರವಣಿಗೆ ಬಾವಿಯಿಂದ ಮೇಲೆದ್ದು ಬಂತು. ಟ್ರ್ಯಾಕ್ಟರಿನ ಮಂದಿ ಕೈ ಮುಗಿದರು. ಧೂಳಪ್ಪ ಆರತಿ ಹಚ್ಚಿ ಮುಂದೆ ಬಂದವನು ಅನುಮಾನದಿಂದ ನಿಂತ. "ಹನಮಪ್ಪ ಹುಲಿ ಹತ್ತಿದ್ದು ಯಾವ ಪುರಾಣದಾಗೂ ಇಲ್ಲಲ್ಲೋ," ಎಂದ. ಅವನ ಅನುಮಾನ ಮುಗಿಯುವ ಮೊದಲೇ ಮಂಗ ತಟ್ಟೆಯಲ್ಲಿದ್ದ ಬಾಳೆಹಣ್ಣು ಕಿತ್ತುಕೊಂಡು, ಕ್ರೇನಿನ ತೋಳು ಹತ್ತಿ, ಬೇವಿನ ಗಿಡ ಸೇರಿತು. ಆಂಬುಲೆನ್ಸಿನವನು ಬಂದದ್ದು ದಂಡವಾಗಬಾರದೆಂದು ಹೊರಸಿನ ಹಗ್ಗ ಗಿಡಕ್ಕೆ ಕಟ್ಟುವಾಗ ಉಜ್ಜಿದ ಶಂಕ್ರೆಪ್ಪನ ಅಂಗೈಗೆ ದೊಡ್ಡ ಪಟ್ಟಿ ಸುತ್ತಿ ಹೋದ.

ಮರುದಿನ ಬೆಳಿಗ್ಗೆ ಶಂಕ್ರೆಪ್ಪ ಹೇಳಿದ್ದೇ ಆಯಿತು. ಒಣಗಲೆಂದು ದ್ರಾಕ್ಷಿಯ ತಂತಿಯ ಮೇಲೆ ಹಾಕಿದ್ದ ಹುಲೆಪ್ಪನ ಬಾಲ ಹಿಡಿದು ಮರಿಮಂಗಗಳು ಜೋಕಾಲಿ ಆಡುತ್ತಿದ್ದವು. ದೊಡ್ಡವು ಸಾಲಿನೊಳಗೆ ಇಳಿದಿದ್ದವು. ಗೌರಾಬಾಯಿ ಕವಣೆಗೆ ಕಲ್ಲು ಹಾಕಿಕೊಂಡು ಬಂದಳು. ಶನಿವಾರ ಕಳೆದಿತ್ತು; ಬೈಗುಳಕ್ಕೆ ಅತ್ತೆಯ ಅಡ್ಡಿಯಿರಲಿಲ್ಲ. ಒಂದು ವಾರದ ಬೈಗುಳ ಒಮ್ಮೆಲೇ ಗಂಟಲಿಗೆ ಬಂತು.

ಹುಲೆಪ್ಪನ ತಲೆಯ ಮೇಲೆ ನಿನ್ನೆಯ ತಾಯಿ ಕುಳಿತಿತ್ತು. ತೋಳಿನ ಸಂದಿಯಿಂದ ಅದೇ ಪುಟ್ಟ ತಲೆ ಹೊರಗೆ ಇಣುಕಿ, ಗೌರಾಬಾಯಿಯನ್ನು ನೋಡುತ್ತ ಒಂದು ಹಸಿರು ಕಾಯಿ ಕಚ್ಚಿ ಮುಖ ಹಿಂಡಿತು.

ಗೌರಾಬಾಯಿ ಕವಣೆ ಕೆಳಗಿಳಿಸಿದಳು.

"ನಾಳೇನ ಕಟಾವಿನವರನ್ನ ಕರೀರಿ," ಎಂದು ಗಂಡನಿಗೆ ಹೇಳಿದಳು. "ಬಾವಿ ಕಡಿ ಸಾಲು ಮುಟ್ಟಬ್ಯಾಡಂತ ಹೇಳ್ರಿ." ಆಮೇಲೆ ಮಂಗದ ಕಡೆ ತಿರುಗಿ ದನಿ ತಗ್ಗಿಸಿದಳು. "ಮಾರುತಿ, ಆ ಸಾಲಿನವು ಇನ್ನೂ ಹುಳಿ ಅದಾವ. ಕೂಸಿನ ಹಲ್ಲು ಚುಳ್ ಅಂತಾವ. ಬಾವಿ ಕಡಿ ಬಾ."

ಶಂಕ್ರೆಪ್ಪ ಪಟ್ಟಿ ಸುತ್ತಿದ ಕೈಯಿಂದ ತಲೆ ಕೆರೆದುಕೊಂಡ. "ಇವತ್ತ ಐತವಾರ ಬೇ."

"ಗೊತ್ತೈತಿ," ಎಂದಳು ಗೌರಾಬಾಯಿ.