ಕಾಲರಿನ ಬಿಳಿ ಗೆರೆ

"ಸಾವಿನ ಮಾತನ್ನ ಇಷ್ಟು ನಗ್‌ನಗ್ತಾ ಆಡೋ ಮನುಷ್ಯನ್ನ ನಾನು ನೋಡೇ ಇಲ್ಲ," ಎಂದು ಔಷಧಿ ಅಂಗಡಿಯವನು ಮೈಕಿನಲ್ಲಿ ಹೇಳಿದಾಗ ಕ್ಲಬ್ಬಿನ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆಗೆ ಕುಳಿತಿದ್ದವರೆಲ್ಲ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿದ್ದ ಏಜೆಂಟನ ಹೆಂಡತಿ ನಗಲೂ ಇಲ್ಲ, ಅಳಲೂ ಇಲ್ಲ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಹಿಂದಿನ ಸಾಲುಗಳಲ್ಲಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಇವರಲ್ಲಿ ಯಾರು?

ಗಂಡ ಹೋಗಿ ಹದಿನೆಂಟು ದಿನವಾಗಿತ್ತು. ವಿಮೆ ಏಜೆಂಟ್. ಊರಲ್ಲಿ ಅರ್ಧ ಜನ ಅವನ ಹತ್ತಿರ ಪಾಲಿಸಿ ಮಾಡಿಸಿದವರು, ಇನ್ನರ್ಧ ಜನ ಇವತ್ತೋ ನಾಳೆಯೋ ಮಾಡಿಸಬೇಕಾದವರು. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅಜ್ಜಿಗಿಂತ ಮೊದಲು ಇವನಿಗೆ ಸುದ್ದಿ. ಬಾಯಿ ಬಿಟ್ಟರೆ ಆಟದ ಮಾತು. ಆದರೆ ಫಾರ್ಮ್ ತುಂಬಿಸಲು ಕೂತನೆಂದರೆ ಮನುಷ್ಯನೇ ಬೇರೆ. "ಕಾಯಿಲೆ ಗೀಯಿಲೆ ಏನೂ ಮುಚ್ಚಿಡಬೇಡಿ ಸ್ವಾಮಿ. ನೀವು ಮುಚ್ಚಿಟ್ರೆ ನಾಳೆ ಪೇಚಾಡೋರು ಮನೆಯವರು," ಎಂದು ಎಂಥವರನ್ನೂ ಗದರಿಬಿಡುತ್ತಿದ್ದ. ಬೆಳಗಾದರೆ ಶಟಲ್ ಬ್ಯಾಗ್ ಹೆಗಲಿಗೇರಿಸಿ ಇದೇ ಕ್ಲಬ್ಬಿಗೆ ಹೊರಟುಬಿಡುತ್ತಿದ್ದ.

ಅವನ ಜೆರ್ಸಿಗಳನ್ನು ಮೂವತ್ತು ವರ್ಷ ಒಗೆದವಳು ಅವಳು. ಮೆಷಿನ್ ಬಂದ ಮೇಲೂ ಕಾಲರನ್ನು ಕೈಯಲ್ಲೇ ಉಜ್ಜಬೇಕು. ಬೆವರಿನ ಉಪ್ಪು ಅಲ್ಲಿ ಬಿಳಿ ಗೆರೆಯಾಗಿ ಕೂತಿರುತ್ತದೆ. ಒಂದು ವರ್ಷದಿಂದ ಆ ಗೆರೆ ಕಾಣೆಯಾಗಿತ್ತು. ಬ್ಯಾಗಿನಲ್ಲಿ ಬರುತ್ತಿದ್ದ ಜೆರ್ಸಿ ಒದ್ದೆಯೇನೋ ಹೌದು, ಆದರೆ ಬೆವರಿನ ವಾಸನೆಯೇ ಇಲ್ಲ. ಮೂಸಿ ಮೂಸಿ ನೋಡಿದ್ದಳು. ಬರೀ ನಲ್ಲಿ ನೀರು! ಆಡದೇ ಇರುವವನು ಬಟ್ಟೆಯನ್ನು ನೀರಲ್ಲಿ ಅದ್ದಿ ತರುತ್ತಾನೆಂದರೆ ಏನರ್ಥ? ಅದನ್ನು ಬೇರೆ ಬಿಡಿಸಿ ಹೇಳಬೇಕಾ? ಜೇಬು ತಡಕಿದಳು, ಕದ್ದು ಫೋನ್ ನೋಡಿದಳು. ಏನೂ ಸಿಗಲಿಲ್ಲ. ಇಂಥ ಬಾಯಿಬಡುಕನ ಫೋನಿನಲ್ಲಿ ಏನೂ ಇಲ್ಲವೆಂದರೆ ಅಳಿಸಿಹಾಕಿದ್ದಾನೆ ಅಂತಲೇ ಲೆಕ್ಕ ಎಂದುಕೊಂಡು ಹಲ್ಲು ಕಚ್ಚಿ ಸುಮ್ಮನಿದ್ದಳು.

ಕೊನೆಯ ದಿನ ಮಾತ್ರ ತಡೆಯಲಾಗಲಿಲ್ಲ. ಅವನು ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದ. "ಈಗೀಗ ನಿಮ್ಮ ಜೆರ್ಸಿ ಬೆವರೋದೇ ಇಲ್ವಲ್ರೀ. ಬೆವರೇ ಬರದ ಆಟ ಯಾವುದು ಅಂತ ನಂಗೂ ಸ್ವಲ್ಪ ಹೇಳಿ," ಅಂದಳು. ಅವನ ಕೈ ದಾರದ ಮೇಲೆ ಹಾಗೇ ನಿಂತಿತು. ಆಮೇಲೆ ನಕ್ಕ. "ಇವತ್ತು ನೋಡುವಂತೆ ಬಿಡು," ಎಂದು ಹೊರಟ. ಒಂಬತ್ತಕ್ಕೆ ಫೋನ್ ಬಂತು. ಕ್ಲಬ್ಬಿನ ಗೇಟಿನ ಹತ್ತಿರ ಕುಸಿದು ಬಿದ್ದಿದ್ದನಂತೆ. ಅವಳು ಆಸ್ಪತ್ರೆಗೆ ಹೋದಾಗ ಅವನ ಮೈಮೇಲೆ ಇಸ್ತ್ರಿ ಮಾಡಿದ ಶರ್ಟು. ಅಳುತ್ತಿದ್ದಾಗಲೂ ಅವಳ ಕಣ್ಣು ಆ ಶರ್ಟಿನ ಮೇಲೇ ಇತ್ತು. ಯಾರ ಮನೆಯಿಂದ ಬರುತ್ತಿದ್ದ? ಬ್ಯಾಗನ್ನು ಯಾರೋ ಮನೆಗೆ ತಂದುಕೊಟ್ಟರು. ಅವಳು ಅದನ್ನು ತೆಗೆದೂ ನೋಡದೆ ಬಚ್ಚಲ ಬಾಗಿಲ ಹಿಂದೆ ಎಸೆದಿದ್ದಳು.

ಸಭೆ ಮುಗಿಯಿತು. ಎಲ್ಲರಿಗಿಂತ ಜಾಸ್ತಿ ಅತ್ತಿದ್ದ ಟೈಲರಮ್ಮ ಬಂದು ಕೈ ಹಿಡಿದುಕೊಂಡಳು. "ಅಕ್ಕಾ, ನನ್ನ ಮಗಳಿಗೆ ಓದೋ ದಾರಿ ತೋರಿಸಿದ್ದೇ ಅವರು." ಓಹೋ, ಒಬ್ಬ ಏಜೆಂಟನಿಗೋಸ್ಕರ ಇಷ್ಟೊಂದು ಅಳುವುದಾ! ಅವಳು ಕೈ ಬಿಡಿಸಿಕೊಂಡು ಸೀದಾ ಎಡಗೈ ಮೇಷ್ಟ್ರ ಬಳಿ ಹೋದಳು. ಇಪ್ಪತ್ತು ವರ್ಷ ಗಂಡನ ಜೋಡಿಯಾಗಿ ಡಬಲ್ಸ್ ಆಡಿದವರು. ಕೋರ್ಟಿನ ಬಾಗಿಲಲ್ಲಿ ಟೀ ಲೋಟ ಹಿಡಿದು ಒಬ್ಬರೇ ನಿಂತಿದ್ದರು.

"ಮೇಷ್ಟ್ರೇ, ಸುಳ್ಳು ಹೇಳಬೇಡಿ. ಇವರು ದಿನಾ ಇಲ್ಲಿಗೆ ಬರ್ತಿದ್ರಾ?"

"ಬರ್ತಿದ್ದ ಅತ್ತಿಗೆ. ಒಂದು ದಿನಾನೂ ತಪ್ಪಿಸ್ತಿರಲಿಲ್ಲ."

"ಬಂದು ಆಡ್ತಿದ್ರಾ?"

ಮೇಷ್ಟ್ರು ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. "ಇಲ್ಲ. ಹೋದ ವರ್ಷ ಆಡ್ತಾ ಆಡ್ತಾ ಎದೆ ಹಿಡ್ಕೊಂಡು ಕೂತುಬಿಟ್ಟ. ಡಾಕ್ಟರು ಇನ್ಮೇಲೆ ರಾಕೆಟ್ ಮುಟ್ಟಲೇಬೇಡಿ ಅಂದ್ರು. ಆವತ್ತಿಂದ ಅಗೋ, ಆ ಕುರ್ಚಿ ಮೇಲೆ ಕೂತು ನಮಗೆಲ್ಲ ಸ್ಕೋರ್ ಹೇಳೋನು. ಮನೇಲಿ ಹೇಳೋ ಮಾರಾಯ ಅಂದ್ರೆ, 'ಗೊತ್ತಾದ್ರೆ ನನ್ನನ್ನ ಮನೆ ಬಿಟ್ಟು ಹೊರಗೇ ಕಳಿಸಲ್ಲ ಅವಳು, ನಿಮ್ಮ ಮುಖ ನೋಡ್ದೇನೇ ಸತ್ತು ಹೋಗ್ತೀನಿ' ಅನ್ನೋನು. ಹೋಗೋವಾಗ ಆ ನಲ್ಲಿ ಕೆಳಗೆ ಜೆರ್ಸಿ ಹಿಡಿದು, ಹಿಂಡಿ, ಬ್ಯಾಗಿಗೆ ಹಾಕ್ಕೊಳ್ಳೋನು. ನಾವೂ ನೋಡಿ ನಗ್ತಿದ್ವಿ. ನಮ್ಮದೂ ತಪ್ಪೇ."

ಅಯ್ಯೋ ದೇವರೇ, ಇಷ್ಟೇನಾ! ಅವಳ ಎದೆಯ ಮೇಲಿದ್ದ ಭಾರ ಇಳಿಯಿತು. ಯಾರೂ ಇಲ್ಲ. ಟೈಲರಮ್ಮನೂ ಇಲ್ಲ, ಯಾರೂ ಇಲ್ಲ. ಊರಿಗೆಲ್ಲ ಮುಚ್ಚಿಡಬೇಡಿ ಎಂದು ಬುದ್ಧಿ ಹೇಳಿದ ಪುಣ್ಯಾತ್ಮ ಹೆಂಡತಿಯ ಹತ್ತಿರ ಮುಚ್ಚಿಟ್ಟಿದ್ದ! ಸಿಟ್ಟು, ಅಳು, ನಗು ಎಲ್ಲ ಒಟ್ಟಿಗೇ ಬಂದವು. ಹದಿನೆಂಟು ದಿನಗಳಲ್ಲಿ ಮೊದಲ ಸಲ ಅವನ ಮೇಲೆ ಪ್ರೀತಿ ಉಕ್ಕಿತು.

"ಆವತ್ತು ಒಂದು ದಿನ ಮಾತ್ರ..." ಎಂದರು ಮೇಷ್ಟ್ರು.

"ಆವತ್ತು ಏನು?"

"ನನ್ನ ಕೈಯಿಂದ ರಾಕೆಟ್ ಕಿತ್ಕೊಂಡ ಅತ್ತಿಗೆ. ಎಷ್ಟು ಬೇಡ್ಕೊಂಡ್ರೂ ಕೇಳಲಿಲ್ಲ. 'ಒಂದೇ ಒಂದು ಗೇಮ್ ಕಣೋ, ಇವತ್ತು ಬೆವರಿಕೊಂಡೇ ಮನೆಗೆ ಹೋಗಬೇಕು' ಅಂದ. ಆಡಿದ. ಗೆದ್ದ ಕೂಡಾ. ಖುಷಿಯಾಗಿ ಶರ್ಟ್ ಬದಲಾಯಿಸ್ಕೊಂಡು ಗೇಟಿನ ತನಕ ನಡೆದ, ಅಷ್ಟೇ." ಅವರು ಅವಳ ಮುಖವನ್ನೇ ನೋಡಿದರು. "ಯಾಕೆ ಹಂಗಂದ ಅಂತ ಯೋಚನೆ ಮಾಡಿ ಮಾಡಿ ತಲೆ ಕೆಟ್ಟುಹೋಗಿದೆ. ಮನೇಲಿ ಏನಾದ್ರೂ ಮಾತು ಬಂದಿತ್ತಾ?"

"ಇಲ್ವಲ್ಲ," ಅಂದಳು. "ಏನೂ ಇಲ್ಲ ಮೇಷ್ಟ್ರೇ."

ಅವರು ಕಣ್ಣು ಕದಲಿಸಲಿಲ್ಲ. ಅವಳೇ ಮುಖ ತಿರುಗಿಸಿಕೊಂಡಳು.

ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಬಚ್ಚಲಿಗೆ ಹೋದಳು. ಬಾಗಿಲ ಹಿಂದಿನ ಬ್ಯಾಗಿನ ಜಿಪ್ ಎಳೆದಳು. ಜೆರ್ಸಿ ಮುದ್ದೆಯಾಗಿ ಒಣಗಿ ಗಟ್ಟಿಯಾಗಿತ್ತು. ಹುಳಿ ಹುಳಿ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಕಾಲರನ್ನು ಬಿಡಿಸಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ದಪ್ಪನೆಯ ಬಿಳಿ ಗೆರೆ.

ಅಪ್ಪನ ಕಾರ್ಯಕ್ಕೆಂದು ಬಂದು ಉಳಿದಿದ್ದ ಮಗಳು ಅಲ್ಲೇ ಬಟ್ಟೆ ನೆನೆಹಾಕಲು ಬಕೆಟ್ಟಿಗೆ ನೀರು ಬಿಟ್ಟಿದ್ದಳು. "ಅಮ್ಮಾ, ಅಪ್ಪನ ಜೆರ್ಸಿನಾ? ಕೊಡು, ಇದರ ಜೊತೆ ಒಗೆದುಬಿಡ್ತೀನಿ," ಎನ್ನುತ್ತ ಕೈ ಚಾಚಿದಳು.

ಬಕೆಟ್ಟು ತುಂಬಿ ನೀರು ನೆಲದ ಮೇಲೆ ಹರಿಯತೊಡಗಿತ್ತು. ತಾಯಿ ಒಂದು ಹನಿಯೂ ತಾಗದ ಹಾಗೆ ಜೆರ್ಸಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಹಿಡಿದುಕೊಂಡು, ಗೋಡೆಗೆ ಒರಗಿ ನಿಂತಳು.