ಬಿಸಿನೀರ ಕೊಳದ ಕೆಸು

ಹೋಟೆಲಿನ ಒಳಾಂಗಣದಲ್ಲಿ ಬಣ್ಣದ ಮೀನುಗಳಿಗೆಂದು ಕಟ್ಟಿದ ಬಿಸಿನೀರ ಕೊಳದಲ್ಲಿ ಎರಡು ಸಲ ಗಿಡಗಳು ಕೊಳೆತು ಸತ್ತವು. ಕೊಲೆಯ ಆರೋಪ ತೋಟಗಾರನ ತಲೆಗೆ ಬಂತು. "ಇವನ ಕೈಗುಣ ಸರಿಯಿಲ್ಲ" ಎಂದು ಕಾಗದದಲ್ಲೇ ಬರೆದು ಮ್ಯಾನೇಜರ್ ಅವನನ್ನು ಮನೆಗೆ ಕಳಿಸಿದ. ಹನ್ನೊಂದು ವರ್ಷ ಮಣ್ಣಿನಲ್ಲಿ ಕೈಯಾಡಿಸಿದವನಿಗೆ ಆಮೇಲೆ ಒಂದು ತೋಟದ ಗೇಟೂ ತೆರೆಯಲಿಲ್ಲ.

ಅವನ ಜಾಗಕ್ಕೆ ಕರೆಸಿದ್ದು ನರ್ಸರಿಯ ಹೆಂಗಸನ್ನು. ಒಣಕಡ್ಡಿ ಊರಿದರೂ ಚಿಗುರುತ್ತದೆ ಎಂದು ಹೆಸರಾದವಳು. ಅವಳು ಅದೇ ತೋಟಗಾರನ ಅತ್ತಿಗೆ ಎಂಬುದು ಮ್ಯಾನೇಜರಿಗೆ ಗೊತ್ತಿರಲಿಲ್ಲ. ದುಡಿಯುವವರಿಗೂ ಅಣ್ಣ, ತಮ್ಮ, ಅತ್ತಿಗೆ ಇರುತ್ತಾರೆಂಬುದು ಅಂಥವರಿಗೆ ಹೊಳೆಯುವುದೇ ಕಡಿಮೆ.

ಮ್ಯಾನೇಜರ್ ಬಣ್ಣದ ಚಿತ್ರವೊಂದನ್ನು ಚಾಚಿದ. ಕಾರಂಜಿಯ ಸುತ್ತ ತಾವರೆ, ನೈದಿಲೆ.

"ಇವೇ ಬೇಕು. ಡಿಸೈನರ್ ಕೊಟ್ಟಿರೋ ಪಟ್ಟಿ."

"ಅವರು ಯಾವತ್ತಾದ್ರೂ ಈ ನೀರಿಗೆ ಇಳಿದಿದ್ರಾ?"

"ಅವರ್ಯಾಕಮ್ಮ ಇಳೀತಾರೆ?"

"ಹಾಗಾದ್ರೆ ನಾನು ಇಳೀತೀನಿ."

ಮೂರು ದಿನ ಅತ್ತಿಗೆ ಮೊಣಕಾಲುದ್ದದ ನೀರಿನಲ್ಲಿ ಮೂಲೆಮೂಲೆಗೂ ನಿಂತಳು. ಕೊಳವೆಯ ಬಳಿ ಚುರುಗುಟ್ಟುವ ಶಾಖ, ಕಾರಂಜಿಯ ಸುತ್ತ ಎಡೆಬಿಡದ ಅಲೆ, ಕಿಟಕಿಯಿಂದ ಒಂದೂವರೆ ಗಂಟೆಯ ಬಿಸಿಲು. ನೆಲ ಒರೆಸುವವಳು ಕೋಲಿಗೆ ಗಲ್ಲ ಊರಿ ನಿಂತಳು.

"ಒಳ್ಳೆ ಕೆಲಸ ಕಣೇ ನಿಂದು! ನಮ್ಮ ಬಚ್ಚಲಲ್ಲಿ ತಣ್ಣೀರು, ಮೀನಿಗೆ ಬಿಸಿನೀರು."

"ಮುಂದಿನ ಜನ್ಮಕ್ಕೆ ಮೀನಾಗು."

"ಆದ್ರೂ ನನ್ನ ಪಾಲಿಗೆ ಬಾಣಲೇನೇ ಬಿಡು."

ನೈದಿಲೆಗೆ ಅರ್ಧ ದಿನ ಬಿಸಿಲು ಬೇಕು, ಅಲುಗದ ನೀರು ಬೇಕು. ಇಲ್ಲಿ ಎರಡೂ ಇಲ್ಲ. ಅತ್ತಿಗೆ ತನ್ನದೇ ಪಟ್ಟಿ ಹೇಳಿದಳು: ಕಿಟಕಿಯ ಕಡೆ ಕೆಸು, ಮಬ್ಬು ಗೋಡೆಗುಂಟ ಪೀಸ್ ಲಿಲಿ, ಬಂಡೆಗಳಿಗೆ ಕಟ್ಟಲು ಜರಿಗಿಡ, ಕಲ್ಲುಗಳ ಸಂದಿಗೆ ಮನಿಪ್ಲಾಂಟು.

"ಚರಂಡಿ ಪಕ್ಕದ ಕೆಸು! ಬಾಟಲೀಲಿ ಬೆಳೆಯೋ ಮನಿಪ್ಲಾಂಟು! ಗೆಸ್ಟ್‌ಗಳು ನಗ್ತಾರೆ."

"ಕೊಳೆತ ತಾವರೆ ನೋಡಿ ಮೂಗು ಮುಚ್ಚೋದಕ್ಕಿಂತ ನಗೋದು ವಾಸಿ. ನಲವತ್ತು ದಿನ ಕೊಡಿ. ಇವು ಬದುಕಿದ್ರೆ, ಹಳೇ ತೋಟಗಾರನ ಮೇಲೆ ಬರೆದ ಆ ಸಾಲು ಹೊಡೆದುಹಾಕಿ, ಅವನನ್ನ ವಾಪಸ್ ಕರೀಬೇಕು."

ಗುಮಾಸ್ತನ ಎದುರಿಗೇ ಮ್ಯಾನೇಜರ್ ನಕ್ಕು ಒಪ್ಪಿದ.

ಆ ನಗುವಿನ ಅರ್ಥ ಅತ್ತಿಗೆಗೆ ತಿಳಿಯಿತು. ಗಿಡ ಬದುಕಿದರೆ ಹೊಗಳಿಕೆ ಅವಳ ಕೈಗೆ, ಬೈಗುಳ ಮಾತ್ರ ಮೈದುನನ ಕೈಗೇ ಉಳಿಯುತ್ತದೆ. ಮ್ಯಾನೇಜರನ ವಾರದ ರಜೆಯ ದಿನ ಅವಳು ಮೈದುನನನ್ನೇ ಕರೆತಂದಳು. ಕಾವಲುಗಾರ ಅವನ ಹೆಸರನ್ನು ಗೇಟಿನ ಪುಸ್ತಕದಲ್ಲಿ ಬರೆದುಕೊಂಡ.

ಕೊಳದ ಅಂಚಿನಲ್ಲಿ ಮೈದುನ ಹಿಂಜರಿದ. "ನೀವೇ ನೆಡಿ ಅತ್ತಿಗೆ. ನಿಜವಾಗ್ಲೂ ನನ್ನ ಕೈಯಲ್ಲೇ ಏನೋ ಇದೆಯೇನೋ."

ಕೆಲಸ ಕಿತ್ತುಕೊಂಡದ್ದು ಸಾಲದೆ ಅವರ ಸುಳ್ಳನ್ನು ಇವನ ಬಾಯಿಗೂ ತುರುಕಿದ್ದರು.

"ಇರೋದು ಕೆಸರು. ಇಳಿ ಸುಮ್ನೆ."

ಕೆಸು, ಲಿಲಿ, ಜರಿ, ಮನಿಪ್ಲಾಂಟು ಎಲ್ಲವನ್ನೂ ಅವನೇ ನೆಟ್ಟ. ಚಿತ್ರದಲ್ಲಿದ್ದ ನೈದಿಲೆಯನ್ನು, ಚಿತ್ರದಲ್ಲಿದ್ದ ಜಾಗದಲ್ಲೇ, ಅತ್ತಿಗೆ ತನ್ನ ಕೈಯಾರೆ ನೆಟ್ಟಳು. ನೆಲ ಒರೆಸುವವಳು ನಿಂತು ನೋಡಿದಳು.

ಮೊದಲ ವಾರ ಕೆಸು ಜೋತುಬಿದ್ದಿತು. ಅತ್ತಿಗೆಗೆ ಅನ್ನ ಸೇರಲಿಲ್ಲ. ಹತ್ತನೆಯ ದಿನ ಸುರುಳಿ ಎಲೆಯೊಂದು ತಲೆಯೆತ್ತಿತು. ನಲವತ್ತನೆಯ ದಿನಕ್ಕೆ ಎಲೆಗಳು ಮೊರದಗಲ. ನೈದಿಲೆ ಮಾತ್ರ ಕಪ್ಪು ಲೋಳೆ.

ಮ್ಯಾನೇಜರ್ ಬೀಗಿದ. "ನೋಡಿದ್ಯಾ? ಇದಕ್ಕೇ ಕೈಗುಣ ಅನ್ನೋದು!"

"ಹೌದು ಸ್ವಾಮಿ. ನನ್ನ ಕೈ ನೆಟ್ಟಿದ್ದು ಅಗೋ, ಆ ಕೊಳೆತ ನೈದಿಲೆ. ಉಳಿದದ್ದೆಲ್ಲಾ ನೀವು ಓಡಿಸಿದವನು ನೆಟ್ಟಿದ್ದು. ನನ್ನ ಮೈದುನ."

"ಏನು ಸಾಕ್ಷಿ?"

"ನಾನೇ ಸಾಕ್ಷಿ" ಎಂದಳು ನೆಲ ಒರೆಸುವವಳು. ಕಾವಲುಗಾರ ಪುಸ್ತಕ ತಂದು ಹೆಸರು ತೋರಿಸಿದ. ಒಪ್ಪಂದವನ್ನು ಕಿವಿಯಾರೆ ಕೇಳಿದ್ದ ಗುಮಾಸ್ತ ಆಗಲೇ ಟೈಪು ಮಾಡತೊಡಗಿದ್ದ.

ಕಾಗದ ಬಂತು: "ಕರುಣೆಯಿಂದ ಮರಳಿ ನೇಮಿಸಲಾಗಿದೆ."

ಅತ್ತಿಗೆ ಅದನ್ನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದಳು. "ಕರುಣೆ ಯಾರು ಕೇಳಿದ್ರು? ತಪ್ಪು ಆ ಪಟ್ಟಿಯದ್ದು, ತೋಟಗಾರನದ್ದಲ್ಲ ಅಂತ ಬರೀರಿ."

ಮ್ಯಾನೇಜರ್ ಸುತ್ತ ನೋಡಿದ. ಒಬ್ಬರೂ ಕದಲಲಿಲ್ಲ. ಅವನು ತಲೆಯಾಡಿಸಿದ ಮೇಲೆ ಗುಮಾಸ್ತ ಹೊಸ ಹಾಳೆ ತೆಗೆದ.

ಮರುದಿನ ಮೈದುನ ಕೆಲಸಕ್ಕೆ ಬಂದವನೇ ಪ್ಯಾಂಟು ಮಡಚಿ ಕೊಳಕ್ಕಿಳಿದ. ಎರಡು ನಿಮಿಷವೂ ಆಗಿರಲಿಲ್ಲ, ಗೊಣಗು ಶುರುವಾಯಿತು.

"ಏನತ್ತಿಗೆ, ಕೆಸು ಇಷ್ಟು ಒತ್ತಾಗಿ ನೆಡಿಸೋದಾ? ನಿಮಗೆ ಅಷ್ಟೂ ಗೊತ್ತಾಗಲ್ವಾ?"

ಅತ್ತಿಗೆಗೆ ಹಾಯೆನಿಸಿತು. ತಿಂಗಳುಗಟ್ಟಲೆ ದನಿ ಎತ್ತದವನು ಇಂದು ತನ್ನನ್ನೇ ಬೈಯುತ್ತಿದ್ದ.