ತಾನಾಗಿ ಹೇಳುವ ಯಂತ್ರ

"ಉಚ್ಚೆಯಂತೆ ಉಚ್ಚೆ! ಬೆಳಿಗ್ಗೆಯಿಂದ ಎಷ್ಟು ಸಲ ಹೋಗ್ತೀಯೇ? ಹೊಟ್ಟೇಲಿ ಕೆರೆ ಇಟ್ಕೊಂಡಿದ್ದೀಯಾ?"

ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ಬೀಗ ಆಡಿಸುತ್ತಿದ್ದ. ಅತ್ತಿಗೆಗೆ ಏಳು ತಿಂಗಳು. ಹೊಟ್ಟೆಯಲ್ಲಿರುವುದು ಕೆರೆಯಲ್ಲ, ಮಗು ಎಂದು ದಾರಿಹೋಕರಿಗೂ ಕಾಣುತ್ತಿತ್ತು; ಈ ಮಹಾನುಭಾವನಿಗೆ ಮಾತ್ರ ಕಾಣಲಿಲ್ಲ.

"ಹೋದ ಹಾಗೆ ಬಂದ್ಬಿಡ್ತೀನಿ ಅಣ್ಣಾ," ಎಂದಳು ಅತ್ತಿಗೆ.

"ಕಕ್ಕಸಿಗೆ ಹಾಲ್ ದಾಟ್ಕೊಂಡೇ ಹೋಗ್ಬೇಕು. ಅಲ್ಲಿ ದೊಡ್ಡೋರು ಕೂತಿದ್ದಾರೆ. ನಿನ್ನ ಹೊಟ್ಟೆ ಮೆರವಣಿಗೆ ನೋಡೋಕೆ ಬಂದಿಲ್ಲ ಅವ್ರು. ತಡ್ಕೋ. ಆಗಲ್ವಾ, ಆ ಬಾಟ್ಲಿ ಇದೆಯಲ್ಲ, ಅದ್ರಲ್ಲಿ ಮುಗಿಸು."

ಬಾಗಿಲು ಎಳೆದುಕೊಂಡ. ಹೊರಗಿನಿಂದ ಬೀಗ ಬಿತ್ತು.

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದಳು ನಾದಿನಿ, ಮುಚ್ಚಿದ ಬಾಗಿಲಿಗೆ.

"ಮೆಲ್ಲಗೆ ಕಣೇ. ನಿಮ್ಮಣ್ಣ ಕೆಲಸ ಬಿಟ್ಟು ಮನೇಲಿ ಕೂತಾಯ್ತು. ನಮ್ಮಿಬ್ರದ್ದೂ ಹೋದ್ರೆ ಒಲೆ ಉರಿಯಲ್ಲ."

ಅವರಿಗೆ ಕೆಲಸ ಕೊಟ್ಟಿದ್ದು ಒಂದು ವಿಜ್ಞಾನದ ಪದಭಂಡಾರ. ಯಾವ ರೋಗ ಯಾವ ಅಂಗಕ್ಕೆ ಬರುವುದು, ಯಾವ ಅಂಗ ಯಾವ ಪ್ರಾಣಿಗಿರುವುದು ಎಂದು ಲಕ್ಷಾಂತರ ಪದಗಳಿಗೆ ನೆಂಟಸ್ತನ ಕಟ್ಟಿ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದರು. ಕಟ್ಟಿದವರು ಮಹಾ ಪಂಡಿತರು. ಹಾಗಾಗಿ ಯಾರಿಗೂ ಬೇಕಾದದ್ದು ಸಿಗುತ್ತಿರಲಿಲ್ಲ. ಸಂಶೋಧಕರು ಹುಡುಕಿ ಹುಡುಕಿ ಬೈದುಕೊಂಡು ಹೋಗುತ್ತಿದ್ದರು. ಕೊನೆಗೆ ಡೈರೆಕ್ಟರು ಒಂದು ಯಂತ್ರ ತಂದರು. ನಿಮ್ಮ ಟಿಪ್ಪಣಿ ಹಾಕಿ, ಯಂತ್ರ ತಾನಾಗಿ ಓದಿ ಸರಿಯಾದ ಪದ ಹೆಕ್ಕಿಕೊಡುತ್ತದೆ ಎಂದು ಊರಿಗೆಲ್ಲ ಸಾರಿದರು. ಹೆಕ್ಕಿಕೊಡುತ್ತಲೂ ಇತ್ತು. ಆ ಯಂತ್ರಕ್ಕೆ ಎಂಟು ಕೈ, ನಾಲ್ಕು ಜಡೆ. ಸಭಾಂಗಣದ ಪ್ಲೈವುಡ್ ಗೋಡೆಯ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಬಂದ ಪ್ರಶ್ನೆಗೆಲ್ಲ ಕೀಬೋರ್ಡಿನಲ್ಲಿ ಉತ್ತರ ಒತ್ತುತ್ತಿತ್ತು.

ಗೋಡೆ ನೆಲ ಮುಟ್ಟಿರಲಿಲ್ಲ. ಕೆಳಗಿನ ಸಂದಿಯಲ್ಲಿ, ಇವತ್ತು ಯಂತ್ರದ ಪ್ರದರ್ಶನ ನೋಡಲು ಬಂದ ಮೊದಲ ಸಾಲಿನವರ ಬೂಟುಗಳು ಫಳಫಳ ಹೊಳೆಯುತ್ತಿದ್ದವು. ನೆಲ ಅತ್ತಲೇ ಇಳಿಜಾರು. ಕೋಣೆ ತೊಳೆದಾಗಲೆಲ್ಲ, ನೀರು ಆಚೆ ಹೋಯಿತೆಂದು ಸೂಪರ್‌ವೈಸರ್ ಕೂಗಾಡುತ್ತಿದ್ದ.

"ಇದು ಮನುಷ್ಯರ ಕೈ ಸೋಕದ ವ್ಯವಸ್ಥೆ," ಎಂದಿತು ಮೈಕಿನಲ್ಲಿ ಡೈರೆಕ್ಟರ ದನಿ. "ಮನುಷ್ಯರಾದ್ರೆ ದಣೀತಾರೆ, ರಜ ಕೇಳ್ತಾರೆ."

ಬೂಟುಗಳು ನಕ್ಕವು. ಹಿರಿಯ ಸಂಶೋಧಕರೊಬ್ಬರು ಎರೆಹುಳುವಿನ ಮೇಲೊಂದು ಟಿಪ್ಪಣಿ ಹಾಕಿದರು. ನಾದಿನಿ ಓದಿದಳು, ಪದ ಹೆಕ್ಕಿದಳು, ಒತ್ತಿದಳು. ಆಚೆ ಚಪ್ಪಾಳೆ. ಈಚೆ ಅತ್ತಿಗೆ ಮೇಜಿನಂಚು ಹಿಡಿದು ತುಟಿ ಕಚ್ಚಿಕೊಂಡಿದ್ದಳು. ಉಳಿದಿಬ್ಬರು ತಲೆ ಎತ್ತಲಿಲ್ಲ. ನಾದಿನಿ ಹೋಗಿ ಬಾಗಿಲು ತಟ್ಟಿದಳು.

"ಸಾಯ್ರೇ ಒಳಗೇ!" ಎಂದ ಸೂಪರ್‌ವೈಸರ್ ಹೊರಗಿನಿಂದ.

ಮುಂದಿನ ಪ್ರಶ್ನೆ ಬಂತು. ನಾದಿನಿ ಅದನ್ನು ಓದಲೇ ಇಲ್ಲ. ಉತ್ತರದ ಜಾಗದಲ್ಲಿ ಒತ್ತಿದಳು: "ಗೋಡೆಯ ಹಿಂದೆ ನಾಲ್ವರು ಹೆಂಗಸರಿದ್ದೇವೆ. ಒಬ್ಬಳು ಬಸುರಿ. ಹೊರಗಿನಿಂದ ಬೀಗ ಹಾಕಿದ್ದಾರೆ. ಕಕ್ಕಸಿಗೆ ಬಿಡಿ."

ಆಚೆ ದೊಡ್ಡ ಪರದೆಯ ಮೇಲೆ ಅದು ಮೂಡಿರಬೇಕು, ಸದ್ದಡಗಿತು. ಇನ್ನೇನು ಯಾರಾದರೂ ಏಳುತ್ತಾರೆ, ಬಾಗಿಲು ತೆಗೆಸುತ್ತಾರೆ ಎಂದು ನಾದಿನಿ ಸಂದಿಯ ಬೂಟುಗಳನ್ನೇ ನೋಡಿದಳು. ಇಷ್ಟೆಲ್ಲ ಓದಿದವರಿಗೆ ಇಷ್ಟು ಓದಲು ಬರುವುದಿಲ್ಲವೇ?

"ಯಂತ್ರ ಇನ್ನೂ ಕಲೀತಾ ಇದೆ," ಎಂದರು ಡೈರೆಕ್ಟರು. "ಎಲ್ಲಿಂದಲೋ ಯಾವುದೋ ಕಥೆ ಎತ್ಕೊಂಡು ಬಂದಿದೆ ನೋಡಿ!"

ಸಭೆ ಗೊಳ್ಳೆಂದಿತು. "ಪರವಾಗಿಲ್ಲ, ಕಲ್ಪನಾಶಕ್ತಿಯೂ ಇದೆ," ಎಂದರು ಹಿರಿಯ ಸಂಶೋಧಕರು. ಮತ್ತೆ ಚಪ್ಪಾಳೆ.

"ಥೂ! ನಿಮ್ಮ ಓದಿಗೆ ಬೆಂಕಿ ಹಾಕ!" ಎಂದಳು ನಾದಿನಿ; ಗೋಡೆಯಾಚೆಗೆ ಕೇಳುವಂತೆ ಕೂಗಲು ಬಾಯಿ ತೆರೆದಳು. ಅತ್ತಿಗೆ ಅವಳ ಭುಜ ಹಿಡಿದಳು.

"ಕೂಗ್ಬೇಡ. ಕೂಗಿದ್ರೆ ಅದನ್ನೂ ಯಂತ್ರ ಅಂತಾರೆ."

"ಮತ್ತೇನು ಮಾಡೋದು ಅತ್ತಿಗೆ?"

ಅತ್ತಿಗೆ ಬಾಟಲಿಯನ್ನು ಕಾಲಿನಿಂದ ಮೂಲೆಗೆ ಒದ್ದಳು. ಪ್ಲೈವುಡ್ ಗೋಡೆಯ ಹತ್ತಿರ ಹೋಗಿ ಸೀರೆ ಎತ್ತಿ, ಹೊಟ್ಟೆಗೆ ಕೈ ಆನಿಸಿಕೊಂಡು, ನಿಧಾನವಾಗಿ ಕುಕ್ಕರುಗಾಲಲ್ಲಿ ಕೂತಳು.

"ಕೆಲಸ ಹೋಗತ್ತೆ," ಎಂದಳು ಉಳಿದಿಬ್ಬರಲ್ಲಿ ಒಬ್ಬಳು, ಕುರ್ಚಿಯಿಂದ ಅರ್ಧ ಎದ್ದು.

"ಹಾಳಾಗಿ ಹೋಗ್ಲಿ," ಎಂದಳು ಅತ್ತಿಗೆ.

ನೀರು ತನ್ನ ಇಳಿಜಾರು ತಾನೇ ಹುಡುಕಿಕೊಂಡಿತು. ಸಂದಿಯ ಕೆಳಗೆ ನುಸುಳಿ ಆಚೆ ಹೋಯಿತು. ಒಂದು ಬೂಟು ಸರಕ್ಕನೆ ಮೇಲೆದ್ದಿತು. ಪಕ್ಕದ್ದು ಎದ್ದಿತು. ನಗು ಮೊದಲ ಸಾಲಿನಿಂದ ಹಿಂದಕ್ಕೆ ಸಾಲುಸಾಲಾಗಿ ನಿಂತಿತು.

"ಏನ್ರೀ ಇದು? ಏನಿದು?" ಹಿರಿಯ ಸಂಶೋಧಕರ ದನಿ ಕೀರಲಾಯಿತು.

ಪ್ರಶ್ನೆ ಬಂದ ಮೇಲೆ ಉತ್ತರ ಕೊಡಬೇಕು. ನಾದಿನಿ ಕೂತು ಒತ್ತಿದಳು: "ಉಚ್ಚೆ. ಯಾರದು: ಬಸುರಿಯದು. ಎಲ್ಲಿ: ನಿಮ್ಮ ಬೂಟಿನ ಕೆಳಗೆ."

ಬಾಗಿಲಲ್ಲಿ ಬೀಗ ತೆಗೆಯುವ ಸದ್ದಾಯಿತು. ಅತ್ತಿಗೆ ಏಳಲಿಲ್ಲ. ಅವಳದಿನ್ನೂ ಮುಗಿದಿರಲಿಲ್ಲ.